ಸ್ನಾನದ ಮನೆಯ ಗದ್ದುಗೆ

ಸೆಂಜು, ಟೋಕಿಯೊ, 1955

ನವೆಂಬರ್ 8, ಮಂಗಳವಾರ

ನಮ್ಮ ಮನೆಯವರನ್ನು ಕಿಯೊಸೆಯ ಆಸ್ಪತ್ರೆಗೆ ಸೇರಿಸಿ ಬಂದೆವು. ಎಡಗಡೆಯ ಪುಪ್ಪುಸದ ಮೇಲ್ಭಾಗದಲ್ಲಿ ನೆರಳು ಕಾಣಿಸಿದೆ. ಕ್ಷಯ ಎಂಬ ಮಾತನ್ನು ಹೋಗುವಾಗಲೂ ಬರುವಾಗಲೂ ಯಾರೂ ಬಾಯಿಬಿಟ್ಟು ಆಡಲಿಲ್ಲ. ಮಂಚದ ಮೇಲೆ ಕುಳಿತು ಅವರು ನನಗೆ ಹೇಳಿದ್ದು ಇಷ್ಟೆ: "ಗಂಡಸರ ಕಡೆ ತೊಟ್ಟಿ ನೀರು ಬೇಗ ಆರುತ್ತೆ. ಒಲೆ ನೋಡೋ ಗೆಂಪಾಚಿ ತಾತನಿಗೆ ನೆನಪು ಮಾಡು." ಮದುವೆಯಾಗಿ ಎಂಟು ತಿಂಗಳು. ಅದರಲ್ಲಿ ನಾಲ್ಕು ತಿಂಗಳು ಅವರು ಕೆಮ್ಮಿದ್ದನ್ನೇ ಕೇಳಿದ್ದೇನೆ.

ರೈಲಿನಲ್ಲಿ ಅತ್ತೆ ಕಿಟಕಿಯಾಚೆ ನೋಡುತ್ತಲೇ ಮಗನ ಬಗ್ಗೆ ಅಂದರು: "ಕುನಿಓ ನೋತೊಗೆ ಹೋಗಿದಾನೆ. ನಿಮ್ಮಪ್ಪನ ಮನೇಲಿದಾನೆ. ಹೊಟ್ಟೆನೋವು, ಊರಿನ ಗಾಳಿ ಬೇಕಂತೆ. ತಿಳೀತಾ?"

"ಯಾರಾದ್ರೂ ಕೇಳಿದ್ರೆ ಅತ್ತೆ?"

"ಕೇಳಿದ್ರೆ ಅಲ್ಲ, ಕೇಳೇ ಕೇಳ್ತಾರೆ. ಕ್ಷಯದವರ ಮನೆ ನೀರಿಗೆ ಯಾರು ಇಳೀತಾರೆ? ಇಷ್ಟು ತಿಳೀದಾ ನಿಂಗೆ?"

ಊರಿನವರೆಲ್ಲ ಕಾಸು ಕೊಟ್ಟು ಮೀಯಲು ಬರುವ ನಮ್ಮ ಸ್ನಾನದ ಮನೆಗೆ ಕಾಮೆನೊಯು ಎಂದು ಹೆಸರು. ಆಮೆಯ ಬಿಸಿನೀರು ಎಂದರ್ಥ. ಆಮೆಯಷ್ಟು ಕಾಲ ಬಾಳಲಿ ಎಂದು ಮಾವನವರು ಇಟ್ಟ ಹೆಸರು. ಅವರು ತೀರಿಕೊಂಡು ಆರು ವರ್ಷವಾಯಿತು.

ನವೆಂಬರ್ 12

ಕಷ್ಟ ಒಂದೇ ಬರುವುದಿಲ್ಲವೋ ಏನೋ. ಬೆಳಿಗ್ಗೆ ಹೆಂಚಿನ ನೆಲ ಉಜ್ಜುವಾಗ ಅತ್ತೆ ಜಾರಿ ಬಿದ್ದರು. ಕಣಕಾಲು ಮುರಿದಿದೆ. ಡಾಕ್ಟರ್ ಹಿರಾಬಾಯಾಶಿ ಬಂದು ಸುಣ್ಣದ ಪಟ್ಟು ಹಾಕಿಹೋದರು. ಎರಡು ತಿಂಗಳು ಏಳುವಂತಿಲ್ಲ.

ಅತ್ತೆ ನೋವು ನುಂಗಿಕೊಂಡು, "ನಾಳೆಯಿಂದ ಗದ್ದುಗೆ ನಿಂದು" ಅಂದರು.

ನಮ್ಮ ಮುಂಬಾಗಿಲು ಎರಡು, ಗಂಡಸರಿಗೊಂದು, ಹೆಂಗಸರಿಗೊಂದು. ನಡುವೆ ಆಳೆತ್ತರದಲ್ಲಿ ಮರದ ಗದ್ದುಗೆ. ಅಲ್ಲಿ ಕುಳಿತವರಿಗೆ ಎರಡೂ ಕಡೆಯ ಬಟ್ಟೆ ಬಿಚ್ಚುವ ಕೋಣೆಗಳು ಅಂಗೈಯಂತೆ ಕಾಣುತ್ತವೆ. ಕಾಣಲೇಬೇಕು. ಬಟ್ಟೆ ಕಳುವಾಗದಂತೆ, ಮುದುಕರು ತಲೆಸುತ್ತಿ ಬೀಳದಂತೆ, ಮಕ್ಕಳು ಜಾರದಂತೆ ನೋಡಿಕೊಳ್ಳಲೆಂದೇ ಅದನ್ನು ಕಟ್ಟಿದ್ದು. ಈವರೆಗೆ ನಾನು ಹಿಂಭಾಗದಲ್ಲಿ ಸೌದೆ ಜೋಡಿಸುವುದು, ಮರದ ಬೋಗುಣಿ ತೊಳೆಯುವುದು ಇಷ್ಟರಲ್ಲೇ ಇದ್ದೆ.

"ಯಾವ ಮುಖ ಇಟ್ಕೊಂಡು ಅಲ್ಲಿ ಕೂತ್ಕೊಳ್ಳಲಿ ಅತ್ತೆ?"

"ಇರೋದೊಂದೇ ಮುಖ ಅಲ್ವಾ, ಅದನ್ನೇ ಇಟ್ಕೊಂಡು ಕೂತ್ಕೋ. ನಿನ್ನ ಮುಖ ನೋಡೋಕೆ ಯಾರೂ ಬರಲ್ಲ. ಮೈ ತೊಳ್ಕೊಳೋಕೆ ಬರ್ತಾರೆ."

ನವೆಂಬರ್ 13

ಹೇಗೋ ಕಳೆಯಿತು. ತಲೆವಸ್ತ್ರವನ್ನು ಹುಬ್ಬಿನವರೆಗೆ ಎಳೆದುಕೊಂಡು, ಎದುರು ಗೋಡೆಯ ಗಡಿಯಾರ ಬಿಟ್ಟು ಬೇರೇನನ್ನೂ ನೋಡಲಿಲ್ಲ. ಹೆಂಗಸರನ್ನು ನೋಡಲೂ ಆಗಲಿಲ್ಲ, ಇನ್ನು ಆ ಕಡೆಯ ಮಾತೇಕೆ.

ಬಡಗಿ ಇಸಾಬುರೊ ತಾತ ಬಟ್ಟೆಬುಟ್ಟಿ ಹಿಡಿದು ನನ್ನ ಕೆಳಗೇ ನಿಂತು ಕೂಗಿದ: "ಚಿಕ್ಕ ಯಜಮಾನಮ್ಮಾ, ನಂಗೆ ಎಪ್ಪತ್ತೆರಡು. ನೋಡೋಕೆ ಏನೂ ಉಳಿದಿಲ್ಲ ಇಲ್ಲಿ. ಧೈರ್ಯವಾಗಿ ತಲೆ ಎತ್ತು!"

ಗಂಡಸರೆಲ್ಲ ಗೊಳ್ಳೆಂದರು. ಹೆಂಗಸರ ಕಡೆಯೂ ನಕ್ಕರು. ಕಿವಿ ಉರಿದುಹೋಯಿತು.

ನಾನು ನೋಡದೆ ಕುಳಿತಿದ್ದರಿಂದ ಯಾರೋ ಯಾರದೋ ಮರದ ಚಪ್ಪಲಿ ಮೆಟ್ಟಿಕೊಂಡು ಹೋದರು. ಅತ್ತೆ ಒಳಗಿನಿಂದಲೇ ಬೈದರು.

ನವೆಂಬರ್ 14

ಅದೇ.

ನವೆಂಬರ್ 21

ಮಧ್ಯಾಹ್ನ ಬಾಗಿಲು ತೆರೆಯುವ ಮೊದಲು ಇಸಾಬುರೊ ತಾತ ಬಂದು ಮುಂಭಾಗದ ಸೂರಿನಲ್ಲಿ ಸಡಿಲವಾಗಿದ್ದ ಹಲಗೆ ಬಿಗಿದುಕೊಟ್ಟ. ನಾನು ಏಣಿ ಹಿಡಿದಿದ್ದೆ. ಈ ಮನೆ ಕಟ್ಟಿದವರಲ್ಲಿ ಅವನೂ ಒಬ್ಬನೆಂದು ನನಗೆ ಗೊತ್ತೇ ಇರಲಿಲ್ಲ.

"ನಮ್ಮೂರ ಕಡೆ ಇಂಥ ಬಾಗಿದ ಸೂರು ದೇವಸ್ಥಾನಕ್ಕೆ ಮಾತ್ರ ಇರುತ್ತೆ ತಾತ. ಮೈ ತೊಳೆಯೋ ಮನೆಗೆ ಯಾಕೆ ಇಷ್ಟು ವೈಭೋಗ?"

"ನಾನು ದೇವಸ್ಥಾನದ ಬಡಗೀನೇ ಕಣಮ್ಮ. ಮೂವತ್ತೆರಡು ವರ್ಷದ ಹಿಂದೆ ಮಹಾ ಭೂಕಂಪ ಆಯ್ತಲ್ಲ, ಆಗ ಇಡೀ ಊರು ಸುಟ್ಟು ಹೋಗಿ ಜನ ತಗಡಿನ ಕೆಳಗೆ ಮಲಗ್ತಿದ್ರು. ನಿಮ್ಮ ಮಾವ ನನ್ನ ಕರ್ಸಿದ್ರು. ತಗಡಿನ ಮನೆಯಿಂದ ಎದ್ದು ಬರೋರು ದಿನಕ್ಕೆ ಒಂದು ಗಳಿಗೆ ಅರಮನೆಗೆ ಹೋದ ಹಾಗೆ ಇರ್ಬೇಕು, ಹಾಗೆ ಕಟ್ಟು ಅಂದ್ರು. ಕಟ್ದೆ. ಇನ್ನೇನು?"

ಅವನು ಹೋದ ಮೇಲೆ ರಸ್ತೆಯ ಆಚೆಬದಿಗೆ ನಿಂತು ನಮ್ಮ ಮನೆಯನ್ನೇ ನೋಡಿದೆ. ಸೂರಿನ ಕೆಳಗೆ ಅಲೆಗಳ ಮೇಲೊಂದು ಕೊಕ್ಕರೆ ಕೆತ್ತಿದ್ದಾರೆ. ಎಂಟು ತಿಂಗಳಿಂದ ಅದರ ಕೆಳಗೇ ಓಡಾಡಿದ್ದೇನೆ.

ನವೆಂಬರ್ 27, ಭಾನುವಾರ

ಕಿಯೊಸೆಗೆ ಹೋಗಿದ್ದೆ. ಔಷಧದ ಚುಚ್ಚುಮದ್ದು ನಡೆದಿದೆ. ಚಳಿಗಾಲದ ಕೊನೆಗೆ ಪುಪ್ಪುಸದ ಕೆಟ್ಟ ಭಾಗವನ್ನು ಕತ್ತರಿಸಿ ತೆಗೆಯುತ್ತಾರಂತೆ. ಅವರು ಅದನ್ನು ಬೇರೆ ಯಾರದೋ ವಿಷಯವೆಂಬಂತೆ ಹೇಳಿದರು. ಆಮೇಲೆ ಕೇಳಿದರು:

"ಗದ್ದುಗೆ ಮೇಲೆ ಅಮ್ಮ ಇಲ್ವಂತಲ್ಲ. ಯಾರು ಕೂತ್ಕೊಳ್ತಾರೆ?"

"ನಾನೇ."

"ಕಷ್ಟ ಆಗ್ತಿದೆಯಾ?"

"ಇಲ್ಲ" ಅಂದೆ. ಸುಳ್ಳು ಹೇಳುವುದು ರೂಢಿಯಾಗುತ್ತಿದೆ.

ನವೆಂಬರ್ 30

ಮನೆಯ ಮೂವರೂ ಎದೆಯ ಎಕ್ಸ್‌ರೇ ತೆಗೆಸಿಕೊಳ್ಳಬೇಕೆಂದು ಹಿರಾಬಾಯಾಶಿ ಡಾಕ್ಟರು ಹೇಳಿದ್ದರು. ಅತ್ತೆಯನ್ನು ಕೈಗಾಡಿಯಲ್ಲಿ ಕೂರಿಸಿಕೊಂಡು, ಯಾರೂ ನೋಡದ ಹಿಂದಿನ ಬೀದಿಯಿಂದ ಅವರ ದವಾಖಾನೆಗೆ ಹೋದೆವು. ಗೆಂಪಾಚಿ ತಾತ ನರ್ಸಿನ ಮುಂದೆ ಅಂಗಿ ಬಿಚ್ಚಲು ನಾಚಿ ಮೂಲೆ ಸೇರಿಬಿಟ್ಟ. ಮೂವತ್ತು ವರ್ಷದಿಂದ ನಮ್ಮಲ್ಲಿ ಒಲೆ ಉರಿಸಿ, ಕೇಳಿದವರ ಬೆನ್ನು ಉಜ್ಜಿಕೊಂಡು ಬಂದವನು! ನಗು ತಡೆದುಕೊಳ್ಳಲು ನಾನು ಹೊರಗೆ ಹೋಗಬೇಕಾಯಿತು.

ಡಿಸೆಂಬರ್ 3

ಮೂವರದೂ ಶುದ್ಧವಾಗಿದೆ. ಸಂಜೆ ಒಂದು ಬಟ್ಟಲು ಅನ್ನ ಹೆಚ್ಚು ತಿಂದೆ.

ಡಿಸೆಂಬರ್ 9

ತೋಫು ಅಂಗಡಿಯ ಮಾತ್ಸುಯೊ ಅಕ್ಕ ಬಾಗಿಲು ತೆರೆದ ತಕ್ಷಣ ಬರುವವರಲ್ಲಿ ಮೊದಲಿಗರು. ಇವತ್ತು ಬಟ್ಟೆ ಬಿಚ್ಚುತ್ತಾ, ಎಲ್ಲರಿಗೂ ಕೇಳುವ ಹಾಗೆ ಅಂದರು:

"ಚಿಕ್ಕ ಯಜಮಾನಮ್ಮಾ, ನೋತೊಗೆ ಹೋಗೋ ರೈಲು ಈಗ ಇಕೆಬುಕುರೊದಿಂದ ಹೊರಡುತ್ತಾ?"

ನೋತೊಗೆ ಉಯೆನೊದಿಂದಲೇ ಹೋಗಬೇಕು. ಇಕೆಬುಕುರೊದಿಂದ ಹೋಗುವುದು ಕಿಯೊಸೆಗೆ. ಗಂಟು ಹಿಡಿದು ನಾನು ಅಲ್ಲಿ ರೈಲು ಹತ್ತಿದ್ದನ್ನು ಯಾರೋ ನೋಡಿದ್ದಾರೆ.

ನಾನು ಚಿಲ್ಲರೆ ಎಣಿಸುವವಳಂತೆ ತಲೆ ಬಗ್ಗಿಸಿದೆ. ಮಾತ್ಸುಯೊ ಅಕ್ಕ ಬಿಚ್ಚಿದ ಕೋಟನ್ನು ಮತ್ತೆ ತೊಟ್ಟುಕೊಂಡು ಹೊರಟೇಹೋದರು.

ಡಿಸೆಂಬರ್ 13

ಹೆಂಗಸರ ಕಡೆ ಇಬ್ಬರು. ಗಂಡಸರ ಕಡೆ ಏಳು ಜನ.

ಡಿಸೆಂಬರ್ 15

ಎಳೆಮಕ್ಕಳ ತಾಯಂದಿರು ಒಬ್ಬರೂ ಬರುತ್ತಿಲ್ಲ. ರೈಲುಹಳಿ ದಾಟಿ ಆಚೆಯ ಸ್ನಾನದ ಮನೆಗೆ ನಡೆಯುತ್ತಿದ್ದಾರೆ. ಈ ಚಳಿಗಾಳಿಯಲ್ಲಿ, ತೊಳೆದ ತಲೆ ಒರೆಸಿಕೊಂಡು ಅಷ್ಟು ದೂರ. ನಾನೂ ತಾಯಿಯಾಗಿದ್ದರೆ ಹಾಗೆಯೇ ಮಾಡುತ್ತಿದ್ದೆನೋ ಏನೋ. ಅದನ್ನು ನೆನೆದರೆ ಸಿಟ್ಟೂ ಬರುವುದಿಲ್ಲ.

ಅತ್ತೆ ಗೋಡೆಗೆ ಮುಖ ಮಾಡಿ ಅಂದರು: "ಹೊಸ ವರ್ಷದವರೆಗೆ ಬಾಗಿಲು ಹಾಕಿಬಿಡೋಣ. ಆಮೇಲೆ ನೋಡಿದ್ರಾಯ್ತು."

"ಬಾಗಿಲು ಹಾಕಿದ್ರೆ ಹೌದು ಅಂತ ಹೇಳಿದ ಹಾಗೇ ಆಗುತ್ತಲ್ಲ ಅತ್ತೆ."

"ಹೌದು ತಾನೇ?"

ಅತ್ತೆಯ ಕಣ್ಣಲ್ಲಿ ನೀರು ಕಂಡದ್ದು ಇದೇ ಮೊದಲು.

ಡಿಸೆಂಬರ್ 18, ಭಾನುವಾರ

ಮಾಡಿದ್ದನ್ನು ಇದ್ದ ಹಾಗೆ ಬರೆದಿಡುತ್ತೇನೆ.

ಬೆಳಿಗ್ಗೆ ಹಿರಾಬಾಯಾಶಿ ಡಾಕ್ಟರ ಬಳಿ ಹೋಗಿ ನಮ್ಮ ಮೂವರ ಎಕ್ಸ್‌ರೇ ಹಾಳೆಗಳನ್ನು ಬೇಡಿ ತಂದೆ. "ಏನು ಮಾಡ್ತೀಯಮ್ಮಾ?" ಅಂದರು. ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, ಒಂದು ಚೀಟಿಯನ್ನೂ ಬರೆದುಕೊಟ್ಟರು: ಈ ಮೂವರಿಗೂ ರೋಗವಿಲ್ಲ, ಈ ಮನೆಯ ನೀರಿನಿಂದ ಯಾರಿಗೂ ಭಯವಿಲ್ಲ.

ಚಪ್ಪಲಿ ಬಿಡುವ ಜಾಗದ ದೊಡ್ಡ ಕಿಟಕಿಗೆ ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳುತ್ತದೆ. ಅಲ್ಲಿ ದಾರ ಕಟ್ಟಿ, ಬಟ್ಟೆ ಒಣಹಾಕುವ ಚಿಮಟಿಗಳಿಂದ ಮೂರು ಹಾಳೆಗಳನ್ನೂ ತೂಗುಹಾಕಿದೆ. ಕೆಳಗೆ ಕುಂಚದಲ್ಲಿ ಅತ್ತೆಯದು, ನನ್ನದು, ತಾತನದು ಎಂದು ಹೆಸರು ಬರೆದೆ. ತೊಮೆ. ಕಿನುಎ. ಗೆಂಪಾಚಿ. ಪಕ್ಕದಲ್ಲಿ ಚೀಟಿ. ಬೀದಿಯಲ್ಲಿ ಹೋಗುವವರಿಗೆಲ್ಲ ನಮ್ಮ ಎಲುಬು ಕಾಣುತ್ತಿತ್ತು.

ಬಂದವರೇ ಕಡಿಮೆ. ಮಾಮೂಲಿನ ಗಂಡಸರು ಒಂಬತ್ತು ಹತ್ತು ಜನ. ಹೆಂಗಸರು ನಾಲ್ವರು. ಇನ್ನೂ ಕೆಲವರು ಬೀದಿಯಲ್ಲೇ ನಿಂತು ಕಿಟಕಿ ನೋಡುತ್ತಿದ್ದರು. ನಾನು ಗದ್ದುಗೆಯ ಮೇಲೆ ಎದ್ದುನಿಂತೆ. ಬೀದಿಗೂ ಕೇಳಲೆಂದು ಎರಡೂ ಬಾಗಿಲನ್ನು ತೆರೆದೇ ಇಟ್ಟಿದ್ದೆ.

"ನನ್ನ ಗಂಡ ನೋತೊದಲ್ಲಿ ಇಲ್ಲ. ಕಿಯೊಸೆಯಲ್ಲಿದಾರೆ, ಕ್ಷಯ. ನಿಮಗೆ ಸುಳ್ಳು ಹೇಳಿದ್ವಿ, ತಪ್ಪಾಯ್ತು. ನಮ್ಮ ಮೂವರ ಎದೆ ಅಲ್ಲಿ ತೂಗುಹಾಕಿದೀನಿ, ಬೇಕಾದಷ್ಟು ಹೊತ್ತು ನೋಡಿ. ಅವರು ವಾಸಿಯಾಗಿ ಡಾಕ್ಟರು ಬರೆದುಕೊಡೋವರೆಗೂ ಈ ಹೊಸಿಲು ದಾಟಲ್ಲ. ಬರೋರು ಬನ್ನಿ. ಬರದೇ ಇರೋರ ಮೇಲೆ ನಮಗೆ ಬೇಜಾರಿಲ್ಲ."

ಇಷ್ಟೇ. ಹೇಳಿ ಕುಳಿತೆ. ಬೀದಿಯಲ್ಲಿದ್ದವರಲ್ಲಿ ಒಬ್ಬಳು ಮಗುವಿನ ಕೈ ಹಿಡಿದು ಬಿರಬಿರನೆ ಹೋದಳು. ಉಳಿದವರು ಅಲ್ಲಾಡಲಿಲ್ಲ.

ಆಗ ಒಳಬಾಗಿಲು ಸರಿದು ಅತ್ತೆ, ಎರಡು ತಿಂಗಳು ಏಳಬಾರದವರು, ಊರುಗೋಲಿನ ಮೇಲೆ ಬಂದು ನಿಂತರು.

"ಮೂವತ್ತು ವರ್ಷ ಈ ಊರಿನವರ ಮೈ ನಾನು ನೋಡಿದೀನಿ. ಈಗ ನನ್ನ ಎದೆಗೂಡನ್ನೇ ಬೀದಿಗೆ ತೂಗುಹಾಕಿದೀಯೇನೇ?"

"ಅವರದ್ದು ನಾವು ನೋಡಿದ್ವಿ, ನಮ್ಮದು ಅವರು ನೋಡ್ಲಿ ಅತ್ತೆ. ಸಮ ಆಯ್ತು."

ಅತ್ತೆ ಕುಂಟುತ್ತಾ ಕಿಟಕಿಯ ಬಳಿ ಹೋದರು. ಇಸಾಬುರೊ ತಾತ ಆಗಲೇ ಅಲ್ಲಿ ಮೂಗು ತಾಗಿಸಿ ನಿಂತಿದ್ದ.

"ಒಳ್ಳೇ ಜಂತೆ ತೊಮೆ. ಒಂದೂ ಬಾಗಿಲ್ಲ."

ಅತ್ತೆ ಒಂದು ಗಳಿಗೆ ತಮ್ಮ ಎಲುಬುಗಳನ್ನೇ ನೋಡಿ, "ನಂದು ಇಷ್ಟು ನೆಟ್ಟಗಿದೆಯಾ?" ಅಂದರು.

ಯಾರು ಮೊದಲು ನಕ್ಕರೋ ತಿಳಿಯದು.

ಡಿಸೆಂಬರ್ 20

ಮಾತ್ಸುಯೊ ಅಕ್ಕ ಬಂದಿದ್ದರು. ಬಟ್ಟೆ ಬಿಚ್ಚಲಿಲ್ಲ. ಗದ್ದುಗೆಯ ಕಟ್ಟೆ ಹಿಡಿದು ತೀರ ಸಣ್ಣ ದನಿಯಲ್ಲಿ ಅಂದರು:

"ನಂಗೆ ಒಬ್ಬಳು ತಂಗಿ ಇದ್ಲು. ದೂರದ ಹೊಕ್ಕೈಡೊಗೆ ಮದುವೆ ಮಾಡಿಕೊಟ್ವಿ ಅಂತ ಎಲ್ಲರ ಹತ್ರ ಹೇಳಿದ್ವಿ. ಕಿಯೊಸೆಯಲ್ಲೇ ಹೋದ್ಲು. ಹತ್ತೊಂಬತ್ತು ವರ್ಷ. ನಾನು ಒಂದೇ ಒಂದು ಸಲ ನೋಡೋಕೆ ಹೋಗಿದ್ದೆ, ಅದೂ ಮುಖ ಮುಚ್ಚಿಕೊಂಡು."

ನಾನು ಕೆಳಗಿಳಿದು ಅವರ ಕೈ ಹಿಡಿದುಕೊಂಡೆ. ಒಳಗೆ ನೀರು ಬಿಸಿಯಾಗಿದೆ ಅಂದೆ. ಅವರು ಹೋಗಿ ಸ್ನಾನ ಮಾಡಿದರು. ತುಂಬ ಹೊತ್ತು.

ಡಿಸೆಂಬರ್ 23

ಚಳಿಗಾಲದ ಅತಿ ಚಿಕ್ಕ ಹಗಲು. ಇವತ್ತು ತೊಟ್ಟಿಗೆ ಯುಜು ಹಣ್ಣು ಹಾಕುವ ಪದ್ಧತಿ. ಗೆಂಪಾಚಿ ತಾತ ಎರಡು ಮೂಟೆ ತೇಲಿಬಿಟ್ಟಿದ್ದ. ನಿಂಬೆ, ಕಿತ್ತಳೆ ಎರಡೂ ಕೂಡಿದ ಆ ಪರಿಮಳ ಮಾಡಿನ ಗವಾಕ್ಷಿಯವರೆಗೆ ಏರಿತ್ತು.

ಬಂದರು. ಹತ್ತಲ್ಲ, ಇಪ್ಪತ್ತಲ್ಲ. ಬುಟ್ಟಿಗಳು ಸಾಲದೆ ಬಟ್ಟೆಗಳನ್ನು ಚಾಪೆಯ ಮೇಲೇ ಮಡಿಸಿಟ್ಟರು. ಮಾತ್ಸುಯೊ ಅಕ್ಕ ತಮ್ಮ ಬೀದಿಯ ಹೆಂಗಸರನ್ನು ಗದರಿಸಿ ಕರೆತಂದಿದ್ದರು. ಗದ್ದುಗೆ ದಾಟುವಾಗ ಒಬ್ಬೊಬ್ಬರೂ ನನ್ನನ್ನು ಬಗ್ಗಿಸಿಕೊಂಡು ಕಿವಿಯಲ್ಲಿ ಏನಾದರೊಂದು ಉಸುರಿದರು. "ನಮ್ಮ ಮಾವನಿಗೂ." "ನನ್ನ ಮೊದಲನೇ ಗಂಡನಿಗೆ, ಯಾರಿಗೂ ಹೇಳಿಲ್ಲ." "ನಂಗೇ ಇತ್ತು ಕಣೇ, ಹುಡುಗಿಯಾಗಿದ್ದಾಗ." ಈ ಊರಿನಲ್ಲಿ ಎಷ್ಟು ಜನ ನೋತೊಗೂ ಹೊಕ್ಕೈಡೊಗೂ ಹೋಗಿಬಿಟ್ಟಿದ್ದಾರೆ!

ಕತ್ತು ನೋಯುತ್ತಿದೆ. ಎಡಕ್ಕೂ ಬಲಕ್ಕೂ ತಿರುಗಿಸಿ ತಿರುಗಿಸಿ ಸಾಕಾಗಿದೆ. ತಲೆವಸ್ತ್ರ ಎಲ್ಲಿ ಬಿಟ್ಟೆನೋ, ಸಿಗುತ್ತಿಲ್ಲ.

1956, ಜನವರಿ 16

ಮೀನು ಮಾರುವ ತೊಕುಜೊ ಕಾಲು ತೊಳೆಯದೆ ತೊಟ್ಟಿಗೆ ಇಳಿಯಲು ಹೋಗುತ್ತಿದ್ದ. ಗಾಜಿನ ಬಾಗಿಲಾಚೆ ಅಷ್ಟು ದೂರ ಕಂಡಿತು. ಅಲ್ಲಿಂದಲೇ ಕೂಗಿ ಹಿಂದಕ್ಕೆ ಕರೆಸಿದೆ. "ಎಂಥಾ ಕಣ್ಣಪ್ಪಾ ಇದು, ಅವರತ್ತೇನೇ ವಾಸಿ" ಎಂದು ಗೊಣಗಿಕೊಂಡು ತೊಳೆದುಕೊಂಡ. ಇಂಥವರಿಗೆ ಎಷ್ಟು ಹೇಳಿದರೂ ಅಷ್ಟೆ.

ಫೆಬ್ರವರಿ 9, ಗುರುವಾರ

ಹತ್ತು ಗಂಟೆಗೆ ಶಸ್ತ್ರಚಿಕಿತ್ಸೆ ಶುರು. ನಾನು ಅಲ್ಲೇ ಇರುತ್ತೇನೆಂದಿದ್ದೆ. ಅವರು ಕಾಗದ ಬರೆದಿದ್ದರು: ಬಾಗಿಲು ತೆರೆಯದಿದ್ದರೆ ಜನ ಹೆದರುತ್ತಾರೆ, ನೀನು ಅಲ್ಲಿದ್ದರೇ ನನಗೆ ಧೈರ್ಯ. ಅತ್ತೆ ಕೋಲೂರಿಕೊಂಡು ಆಸ್ಪತ್ರೆಗೆ ಹೋದರು. ಮುಗಿದ ತಕ್ಷಣ ಫೋನ್ ಮಾಡುತ್ತೇನೆಂದರು.

ಒಂದು ಗಂಟೆಗೆ ಬರಬೇಕಿದ್ದ ಫೋನ್ ಬರಲಿಲ್ಲ. ಎರಡಾಯಿತು. ಮೂರಕ್ಕೆ ಬಾಗಿಲು ತೆರೆದೆ. ಜನ ಬಂದರು. ಯಾರೂ ಏನೂ ಕೇಳಲಿಲ್ಲ. ಒಳಗೆ ಬೋಗುಣಿ ಇಡುವ ಸದ್ದು ಕೂಡ ಇವತ್ತು ಮೆಲ್ಲಗೆ. ಸ್ನಾನ ಮುಗಿಸಿದವರು ಮನೆಗೆ ಹೋಗದೆ ಚಾಪೆಯ ಮೇಲೆ ಕುಳಿತುಕೊಂಡರು. ನನ್ನ ಬೆನ್ನಹಿಂದಿನ ಗೂಡಿನಲ್ಲಿ ಫೋನು ಸತ್ತಂತೆ ಬಿದ್ದಿತ್ತು.

ನಾಲ್ಕು ಗಂಟೆ ಐದು ನಿಮಿಷಕ್ಕೆ ಬಡಿಯಿತು. ಮೂರು ಸಲ ಬಡಿದ ಮೇಲೂ ನನಗೆ ಕೈ ಎತ್ತಲಾಗಲಿಲ್ಲ. "ಎತ್ತೇ!" ಎಂದು ಮಾತ್ಸುಯೊ ಅಕ್ಕ ಅರಚಿದರು.

ಅತ್ತೆಯ ದನಿ. ಅಳುತ್ತಿದ್ದಾರೋ ಬೈಯುತ್ತಿದ್ದಾರೋ ಮೊದಲು ತಿಳಿಯಲಿಲ್ಲ. "ಕಣ್ಣು ಬಿಟ್ಟಿದಾನೆ ಕಣೇ. ಎಲ್ಲಾ ತೆಗೆದಿದಾರೆ. ನೀರು ಬೇಕು ಅಂದ. ಕೇಳಿಸ್ತಾ? ನೀರು ಕೇಳ್ದ!"

ನಾನು ಎದ್ದುನಿಂತು ಎರಡೂ ಕಡೆಗೂ ಕೂಗಿದೆ: "ಮುಗೀತು! ಚೆನ್ನಾಗಿದಾರೆ!"

ಎರಡೂ ಕೋಣೆಗಳು ಒಮ್ಮೆಲೇ ಭೋರ್ಗರೆದವು. ತೊಟ್ಟಿಯಲ್ಲಿದ್ದವರು ಗಾಜಿನ ಬಾಗಿಲು ತಳ್ಳಿಕೊಂಡು ಆವಿಯ ಸಮೇತ ಓಡಿಬಂದರು. ಚಪ್ಪಾಳೆ ತಟ್ಟಿದರು. ಇಸಾಬುರೊ ತಾತ ನನ್ನ ಕೆಳಗೆ ನಿಂತು ಎರಡೂ ಕೈ ಎತ್ತಿ ಜಯಕಾರ ಹಾಕಿದ, ಮೈಯಿಂದ ನೀರು ಸುರಿಯುತ್ತಿತ್ತು. "ತಾತ, ಚಾಪೆಯೆಲ್ಲ ನೆನೀತಿದೆ, ಒರೆಸ್ಕೊಂಡು ಕುಣೀರಿ!" ಎಂದು ಗದರಿದೆ.

ನಿಜಕ್ಕೂ ಹಾಳಾಗಿದೆ ಆ ಚಾಪೆ. ನಾಳೆ ಬಿಸಿಲಿಗೆ ಹಾಕಬೇಕು.

ಏಪ್ರಿಲ್ 29

ಕಫದಲ್ಲಿ ಈಗ ಏನೂ ಇಲ್ಲವಂತೆ. ಅವರು ಆಸ್ಪತ್ರೆಯ ಪೈನ್ ತೋಪಿನಲ್ಲಿ ನನ್ನ ಜೊತೆ ಗೇಟಿನವರೆಗೆ ನಡೆದು ಬಂದರು. ಎರಡು ಸಲ ಮಾತ್ರ ನಿಂತರು.

ಜುಲೈ 6

ಸೆಕೆ. ಹೆಂಗಸರು ದಿನಕ್ಕೆ ಎರಡು ಸಲ ಬರುತ್ತಾರೆ. ಬರೆಯಲು ಪುರುಸೊತ್ತಿಲ್ಲ.

ಸೆಪ್ಟೆಂಬರ್ 22, ಶನಿವಾರ

ನಿನ್ನೆ ಅವರು ಮನೆಗೆ ಬಂದರು, ಡಾಕ್ಟರ ಕಾಗದದೊಂದಿಗೆ. ಇವತ್ತು ಬೆಳಿಗ್ಗೆಯೇ ಒಲೆಯ ಬಳಿ ಹೋಗಿ ಗೆಂಪಾಚಿ ತಾತನ ಪಕ್ಕ ಕುಳಿತುಬಿಟ್ಟಿದ್ದರು. ಮರದ ಹೊಟ್ಟಿನ ಧೂಳು ಕುಡಿಯಬೇಡಿರೆಂದು ಎಬ್ಬಿಸಿ ಕಳಿಸಿದೆ.

ಅಂಗಿ ಬದಲಿಸುವಾಗ ಬೆನ್ನಿನ ಮೇಲೆ ಶಸ್ತ್ರಚಿಕಿತ್ಸೆಯ ಕಲೆ ನೋಡಿದೆ. ಭುಜದ ಎಲುಬಿನಿಂದ ಸುತ್ತಿಕೊಂಡು ಕಂಕುಳ ಕೆಳಗಿನವರೆಗೆ. ಅವರು ಬೇಗ ಬೇಗ ಮುಚ್ಚಿಕೊಂಡರು. "ಜನ ಇರೋವಾಗ ನಾನು ನೀರಿಗೆ ಇಳಿಯಲ್ಲ. ನೋಡೋರಿಗೆ ಹೇಗೋ ಆಗುತ್ತೆ" ಅಂದರು.

ನಾನು ವಾದ ಮಾಡಲಿಲ್ಲ. ವಾದ ಮಾಡಿದವರು ಅತ್ತೆ. ಮಧ್ಯಾಹ್ನ ಎರಡೂವರೆಗೆ ಬಂದು, "ಇಳಿಯೇ ಕೆಳಗೆ" ಎಂದು ನನ್ನನ್ನು ಗದ್ದುಗೆಯಿಂದ ಎಬ್ಬಿಸಿದರು.

"ಈ ಮನೆಯವರು ಯಾವಾಗಲೂ ಎಲ್ಲರೂ ಹೋದ ಮೇಲೆ ಕೊನೇ ನೀರಲ್ಲೇ ಮಿಂದಿದೀವಿ. ಇವತ್ತೊಂದು ದಿನ ಮೊದಲನೇ ನೀರು ನಿಮ್ಮಿಬ್ಬರದು. ಕುನಿಓ, ನೀನು ಆ ಬಾಗಿಲಿಂದ. ಇವಳು ಈ ಬಾಗಿಲಿಂದ. ಗಿರಾಕಿಗಳ ಹಾಗೆ ಹೋಗಿ."

"ಅಮ್ಮಾ, ಜನ ಬಂದುಬಿಡ್ತಾರೆ."

"ಬರ್ಲಿ. ಅದಕ್ಕೇ ತಾನೇ ಕಟ್ಟಿರೋದು?"

ನಾನು ಮೈ ತೊಳೆದು ತೊಟ್ಟಿಗಿಳಿದೆ. ಮೊದಲ ನೀರು ಎಷ್ಟು ಬಿಸಿ! ಗೋಡೆಯ ಚಿತ್ರದ ಫುಜಿ ಬೆಟ್ಟ ಆವಿಯಲ್ಲಿ ತೇಲುತ್ತಿತ್ತು. ಅಷ್ಟರಲ್ಲಿ ಬಾಗಿಲು ತೆರೆದು ಜನ ಬಂದರು. ಮಾತ್ಸುಯೊ ಅಕ್ಕ ಮತ್ತು ಅವರ ಬೀದಿಯವರು ನನ್ನನ್ನು ಕಂಡು, "ಅಯ್ಯೋ, ಯಜಮಾನಮ್ಮ ನೀರಲ್ಲಿದಾರೆ!" ಎಂದು ಕಿರುಚಿ ನನ್ನ ಸುತ್ತ ಇಳಿದರು.

ಆಚೆಯ ಕಡೆಯೂ ಬಾಗಿಲು ಸರಿಯಿತು. ಗಂಡಸರ ಮಾತು, ನಗು, ಆಮೇಲೆ ತಟ್ಟನೆ ಮೌನ. ಬೆನ್ನು ಕಂಡಿರಬೇಕು.

ಇಸಾಬುರೊ ತಾತನ ದನಿ ಕೇಳಿಸಿತು: "ಯಾರಪ್ಪಾ ಈ ಕೆಲಸ ಮಾಡಿದ್ದು? ಜೋಡಣೆ ಒಂದು ಕೂದಲಷ್ಟೂ ಬಿಟ್ಟಿಲ್ಲ. ಬಾ, ಈ ಕಡೆ ತಿರುಗು, ಸರಿಯಾಗಿ ನೋಡ್ಬೇಕು ನಾನು."

ಅವರು ನಕ್ಕರು. ಕೆಮ್ಮಿಲ್ಲದ ನಗು. ಎಷ್ಟು ಕಾಲವಾಗಿತ್ತು! ನೀರು ಉಕ್ಕಿ ಹೆಂಚಿನ ಮೇಲೆ ಹರಿದ ಸದ್ದಾಯಿತು. ತೊಟ್ಟಿಗೆ ಇಳಿದರು.

ನಮ್ಮ ಎರಡು ಕೋಣೆಗಳ ನಡುವಿನ ಗೋಡೆ ಮಾಡಿನವರೆಗೆ ಹೋಗುವುದಿಲ್ಲ. ಮೇಲೆ ಸೂರು ಒಂದೇ, ಆವಿಯೂ ಒಂದೇ. ಗಂಡಹೆಂಡಿರು ಗೋಡೆಯಾಚೆಗೆ ಕೂಗಿ ಮಾತಾಡಿಕೊಂಡು, ಒಟ್ಟಿಗೆ ಹೊರಡುವುದನ್ನು ದಿನವೂ ಕೇಳಿದ್ದೇನೆ. ನನ್ನನ್ನು ಹಾಗೆ ಕೂಗಿದವರು ಯಾರೂ ಇರಲಿಲ್ಲ.

"ಕಿನುಎ" ಎಂದು ಆ ಕಡೆಯಿಂದ ಮೆಲ್ಲಗೆ ಬಂತು. "ಇದೀಯಾ?"

ನಾನು ಬಾಯಿ ತೆರೆಯುವ ಮೊದಲೇ ತೊಟ್ಟಿಯ ಹೆಂಗಸರೆಲ್ಲ ಒಂದೇ ದನಿಯಲ್ಲಿ ಕೂಗಿದರು:

"ಇದಾಳೆ!"